ಮೂವತ್ತೆಂಟನೇ ಮನೆ

ಸತೀಶನ ಎಂಟು ವರ್ಷದ ಪಿಎಚ್‌ಡಿಗೆ ಕುತ್ತು ಬಂದದ್ದು ಕಾಲು ಕಿಲೋ ಹಸಿಮೆಣಸಿನಕಾಯಿಯಿಂದ. ಯಾವನೋ ರಷ್ಯಾದ ಹ್ಯಾಕರನಿಂದ ಬಂದಿದ್ದರೆ ಹೇಳಿಕೊಳ್ಳಲಿಕ್ಕಾದರೂ ಒಂದು ಮರ್ಯಾದೆ ಇರುತ್ತಿತ್ತು.

ಕಾರವಾರದ ಹಬ್ಬುವಾಡದ ಆ ಓಣಿಯಲ್ಲಿ ಸತೀಶ ಅಂದರೆ ಕಂಪ್ಯೂಟರ್ ಸರ್. ಕಾಲೇಜಿನಲ್ಲಿ ಪಾಠ ಹೇಳುತ್ತ, ಪ್ರತಿ ಬುಧವಾರ ಅಂಕೋಲೆಯ ಸಂಶೋಧನಾ ಕೇಂದ್ರಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತ, ಕಂಪ್ಯೂಟರಿನೊಳಗೆ ಜನರ ಗುಟ್ಟು ಕಾಪಾಡುವುದು ಹೇಗೆ ಅಂತ ಪ್ರಬಂಧ ಬರೆಯುತ್ತಿದ್ದ. ಮಾಹಿತಿಯಿಂದ ಹೆಸರು ತೆಗೆದು ಬರೀ ನಂಬರು ಇಡಬೇಕು, ಮೇಲಿಂದ ಅಲ್ಲಲ್ಲಿ ಕಂಪ್ಯೂಟರೇ ನಾಲ್ಕು ಸುಳ್ಳು ಬೆರೆಸಬೇಕು. ಹೀಗೆ ಮಾಡಿದರೆ ಯಾವುದು ಯಾರದ್ದು ಅಂತ ಬ್ರಹ್ಮನ ಅಪ್ಪನಿಗೂ ತಿಳಿಯುವುದಿಲ್ಲ ಎಂಬುದು ಅವನ ವಾದ.

ವಾದಕ್ಕೆ ಆಧಾರ ಬೇಕಲ್ಲ? ಓಣಿಯ ನಲವತ್ತು ಮನೆಗಳನ್ನೇ ಹಿಡಿದ. ಹೋದ ಶ್ರಾವಣದಲ್ಲಿ ಒಂದು ತಿಂಗಳು, ತರಕಾರಿ ಮಾರುವ ಬೀರಿಯ ಬುಟ್ಟಿಯಿಂದ ದಿನಾ ಏನೇನು ತಗೊಂಡೆವು ಅಂತ ಪ್ರತಿ ಮನೆಯವರೂ ಬರೆದಿಡಬೇಕು. ನಂಬರು ಹಾಕಿದ ಕವರುಗಳನ್ನು ಬುಟ್ಟಿಯಲ್ಲಿ ಕಲಸಿ, ಕಣ್ಣು ಮುಚ್ಚಿ ಆರಿಸಿಕೊಳ್ಳಲು ಹೇಳಿದ್ದ. ಬರೆದದ್ದನ್ನು ಕಾಲೇಜಿನ ಹುಡುಗರು ಕಂಪ್ಯೂಟರಿಗೆ ಏರಿಸಿದ ಮೇಲೆ ಅದು ಆ ನಂಬರುಗಳನ್ನೂ ಇನ್ನೊಮ್ಮೆ ಕಲಸಿತು. ಯಾವ ನಂಬರು ಯಾರ ಮನೆ ಅಂತ ಸತೀಶನಿಗೂ ಗೊತ್ತಿಲ್ಲ, ಮನೆಯವರಿಗೂ ಗೊತ್ತಿಲ್ಲ.

“ಒಂದೇ ಒಂದು ಸುಳ್ಳು ಬರೆದ್ರೂ ನನ್ನ ಪಿಎಚ್‌ಡಿ ಮುಳುಗ್ತದೆ” ಅಂತ ಮನೆಮನೆಗೆ ಹೋಗಿ ಕೈಮುಗಿದಿದ್ದ. ಜನ ನಕ್ಕರು. ಬಸಳೆ ಸೊಪ್ಪಿನಲ್ಲಿ ಎಂಥ ಗುಟ್ಟು? ಎಲ್ಲರೂ ಪ್ರಾಮಾಣಿಕವಾಗಿ ಬರೆದರು.

ಇಲ್ಲಿ ಇನ್ನೊಂದು ಮಾತು ಹೇಳಿಬಿಡಬೇಕು. ಪ್ರಬಂಧ ಮುಗಿಯುವ ಲಕ್ಷಣ ಕಾಣದೆ ಬೇಸತ್ತ ಅವನ ಹೆಂಡತಿ ಚಂಪಾ ಹದಿನಾಲ್ಕು ತಿಂಗಳ ಹಿಂದೆ ಕುಲದೇವಿಗೆ ಹರಕೆ ಹೊತ್ತಿದ್ದಳು: ಗಂಡ ಡಾಕ್ಟರ್ ಆಗುವ ತನಕ ಮನೆಯಲ್ಲಿ ಮೀನು ಬೇಯುವುದಿಲ್ಲ. ಓಣಿಯ ಹೆಂಗಸರೆಲ್ಲ “ಹೆಂಡ್ತಿ ಅಂದ್ರೆ ಚಂಪಾಬಾಯಿ” ಎಂದು ಹೊಗಳಿದರು. ಹೊಗಳಿಕೆ ಅವಳಿಗೆ, ಉಪವಾಸ ಇವನಿಗೆ! ಕಾರವಾರದಲ್ಲಿ ಹುಟ್ಟಿ ಹದಿನಾಲ್ಕು ತಿಂಗಳು ಬಂಗಡೆಯ ಬಾಲ ಕೂಡ ಕಾಣದ ಗಂಡಸು ಬೇರೆ ಯಾವನಿದ್ದಾನೆ? ಸಾಲದ್ದಕ್ಕೆ ಕಿಡ್ನಿಯಲ್ಲಿ ಕಲ್ಲು. ಡಾಕ್ಟರು ದಿನಾ ಬೆಳಿಗ್ಗೆ ಬಾಳೆದಿಂಡಿನ ರಸ ಕುಡಿಯಲು ಹೇಳಿದ್ದರು. ಬೀರಿ ಇಡೀ ಓಣಿಯಲ್ಲಿ ಅವನೊಬ್ಬನಿಗಾಗಿ ದಿನಕ್ಕೊಂದು ದಿಂಡು ಹೊತ್ತು ತರುತ್ತಿದ್ದಳು.

ಆ ಬುಧವಾರ ಅಂಕೋಲೆಯಲ್ಲಿ ಕೊನೆಯ ಮೌಖಿಕ ಪರೀಕ್ಷೆ. ಪಾಸಾದರೆ ಹೆಸರಿನ ಹಿಂದೆ ಡಾಕ್ಟರ್, ತಾಟಿನಲ್ಲಿ ಬಂಗಡೆ. ಎರಡರಲ್ಲಿ ಯಾವುದರ ಆಸೆ ಹೆಚ್ಚು ಅಂತ ಕೇಳಿದ್ದರೆ ಅವನ ಉತ್ತರ ವಿಶ್ವವಿದ್ಯಾಲಯಕ್ಕೆ ಹಿಡಿಸುತ್ತಿರಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಬೀರಿ ಗೇಟಿನ ಎದುರು ಬುಟ್ಟಿ ಇಳಿಸಿದಳು. ಅಂಕೋಲೆ ಕಡೆಯ ಹಳ್ಳಿಯಿಂದ ಮೊದಲ ಬಸ್ಸಿಗೆ ಬರುವ, ಅರವತ್ತು ದಾಟಿದ ಹೆಂಗಸು; ಕೊರಳು ತುಂಬ ಮಣಿಸರ, ಬಾಯಿ ತುಂಬ ಎಲೆಯಡಿಕೆ. ಕಟ್ಟಿಕೊಡಲು ಕಾಗದ ಮುಗಿದಿದೆ ಅಂತ ಆಕೆ ಹಿಂದಿನ ದಿನ ಕೇಳಿದ್ದಕ್ಕೆ ಚಂಪಾ ಮೇಜಿನ ಕೆಳಗಿನ ಒಂದು ಕಟ್ಟು ಕೊಟ್ಟಿದ್ದಳು. ಒಂದು ಮಗ್ಗುಲು ಅಚ್ಚಾದದ್ದೆಲ್ಲ ರದ್ದಿ ಎಂಬುದು ಅವಳ ತಿಳುವಳಿಕೆ. ಬೀರಿ ಅದರಲ್ಲೊಂದು ಹಾಳೆ ಸುತ್ತಿ ಪಕ್ಕದ ಮನೆಯ ವಿಜೇತಾಗೆ ಮೆಣಸಿನಕಾಯಿ ಕೊಟ್ಟಳು.

ವಿಜೇತಾಗೆ ಒಂದು ಚಟ. ಅಕ್ಷರ ಕಂಡಲ್ಲಿ ಗಟ್ಟಿಯಾಗಿ ಓದಬೇಕು.

“ಮನೆ ಹನ್ನೆರಡು. ಬುಧವಾರ, ತೆಪ್ಪಲ್, ಮುರುಗಲು, ಕೊತ್ತಂಬರಿ. ಗುರುವಾರ, ನಿಂಬೆಹಣ್ಣು ಆರು. ಮಂಗಳವಾರ, ಹಾಗಲಕಾಯಿ... ಇದೆಂಥದು ಗೇ?”

ಬೀರಿ ಬುಟ್ಟಿಯಿಂದ ತಲೆ ಎತ್ತಲೇ ಇಲ್ಲ. “ಅದು ನಿಮ್ದೇ ಅಲ್ವೇ ಬಾಯಿ?”

“ನಮ್ದಾ?”

“ಶ್ರಾವಣದಾಗೆ ತೆಪ್ಪಲ್ ತಕಂಡು, ಮರುದಿನ ಆರು ನಿಂಬೆಹಣ್ಣು ತಕಂಬೂದು ನೀವೇ. ಹಾಗಲಕಾಯಿ ಮಾತ್ರ ಸುಳ್ಳು. ನಿಮ್ಮ ಮನೆಲಿ ಅದ ಯಾರೂ ಮೂಸೂದಿಲ್ಲ.”

ತೆಪ್ಪಲ್ ಅಂದರೆ ನಾಲಿಗೆ ಜುಮ್ಮೆನ್ನಿಸುವ ಒಂದು ಕಾಡುಕಾಳು, ಮುರುಗಲು ಅಂದರೆ ಹುಳಿಗೆ ಹಾಕುವ ಹಣ್ಣು. ಇವೆರಡೂ ಬೀಳದ ಬಂಗಡೆ ಸಾರನ್ನು ಕಾರವಾರದವರು ಸಾರು ಅನ್ನುವುದಿಲ್ಲ. ಶ್ರಾವಣದಲ್ಲಿ ಆ ಓಣಿಯಲ್ಲಿ ಯಾರೂ ಮೀನು ಮುಟ್ಟುವುದಿಲ್ಲ, ಕನಿಷ್ಠ ಪಕ್ಷ ಬಾಯಲ್ಲಿ ಹೇಳುವಾಗ.

“ನಾನು ತೊಗರಿಬೇಳೆ ಹುಳಿಗೆ ಹಾಕಿದ್ದೆ!” ವಿಜೇತಾ ಕೂಗಿದಳು.

“ತೊಗರಿಬೇಳೆ ತಿಂದ ಕೈಯಿ ತೊಳೂಕೆ ನಿಂಬೆಹಣ್ಣು ಬೇಕಾ ಬಾಯಿ?”

ಅಷ್ಟರಲ್ಲಿ ಚೀಲ ಹಿಡಿದು ಬಂದರು ಎದುರುಮನೆಯ ಉಮಾಮಹೇಶ್ವರ ಭಟ್ಟರು. ನಿವೃತ್ತ ಹೆಡ್‌ಮಾಸ್ತರು, ಓಣಿಯ ಸಂಘದ ಅಧ್ಯಕ್ಷರು, ಚಾತುರ್ಮಾಸ್ಯದ ನಾಲ್ಕು ತಿಂಗಳು ಈರುಳ್ಳಿ ತಿನ್ನುವವರ ನೆರಳೂ ಆಗದವರು. “ಶ್ರಾವಣದಲ್ಲಿ ಮೀನಾ? ಶಿವ ಶಿವಾ” ಅಂದರು.

ಸೋತವಳಿಗೆ ಜೊತೆ ಬೇಕು. ವಿಜೇತಾ ಕಟ್ಟಿನಿಂದ ಇನ್ನೊಂದು ಹಾಳೆ ಎಳೆದಳು. “ಮನೆ ಮೂವತ್ತೊಂದು. ಪ್ರತಿ ಆದಿತ್ಯವಾರ ಕುಮಟೆ ಈರುಳ್ಳಿ, ಎರಡು ಕಿಲೋ.”

“ಭಟ್ಟರದು” ಅಂದಳು ಬೀರಿ. “ಹಿತ್ತಲ ಬಾಗಿಲಿಗೆ ತಂದು ಕೊಡು ಅಂದಿದ್ರಲ್ಲಾ ನೀವು?”

ಭಟ್ಟರ ಮುಖ ಅದೇ ಈರುಳ್ಳಿಯ ಬಣ್ಣಕ್ಕೆ ತಿರುಗಿತು. “ಅದು ತಿನ್ನಲಿಕ್ಕಲ್ಲ ಮಾರಾಯ್ತೀ! ದೃಷ್ಟಿ ತೆಗೀಲಿಕ್ಕೆ!”

“ಎರಡು ಕಿಲೋ ದೃಷ್ಟಿಯಾ?” ವಿಜೇತಾ ಕೇಳಿದಳು.

ಗದ್ದಲ ಕೇಳಿ ಸತೀಶ ಬಾಳೆದಿಂಡಿನ ರಸದ ಲೋಟ ಹಿಡಿದುಕೊಂಡೇ ಹೊರಗೆ ಓಡಿ ಬಂದ. ತನ್ನ ಎಂಟು ವರ್ಷದ ತಪಸ್ಸು ಮೆಣಸಿನಕಾಯಿಯ ಮೈಮೇಲೆ ಇರುವುದನ್ನು ಕಂಡ. ಲೋಟ ಕೈತಪ್ಪಿ ಭಟ್ಟರ ಬಿಳಿ ಪಂಚೆಯ ಮೇಲೆ ಬಿತ್ತು.

“ಸಾಧ್ಯವೇ ಇಲ್ಲ! ಗಣಿತದ ಪ್ರಕಾರ ಇದನ್ನ ಯಾರೂ ಕಂಡುಹಿಡೀಲಿಕ್ಕೆ ಆಗೂದಿಲ್ಲ!”

“ಗಣಿತ ನಂಗೆ ಗುತ್ತಿಲ್ಲ ತಮ್ಮಾ” ಅಂದಳು ಬೀರಿ, “ಗಿರಾಕಿ ಗುತ್ತು.”

ಇನ್ನೂ ನಾಲ್ಕು ಮನೆಯವರು ಬಂದರು. ಇನ್ನೂ ನಾಲ್ಕು ಮನೆಯ ಮಾನ ಹೋಯಿತು. “ನಮ್ಮ ಗುಟ್ಟು ಕಾಪಾಡ್ತೇನೆ ಅಂತ ಸಹಿ ಹಾಕಿಸ್ಕೊಂಡಿದ್ಯಲ್ಲೋ! ಇವತ್ತಿನ ಪರೀಕ್ಷೆ ಹೇಗೆ ಮಾಡ್ತೀಯೋ ನೋಡ್ತೇನೆ” ಎಂದು ಭಟ್ಟರು ಹಸಿ ಪಂಚೆಯಲ್ಲೇ ಗುಡುಗಿದರು. ಸತೀಶ ಉಳಿದ ಹಾಳೆಗಳನ್ನು ಬಾಚಿಕೊಂಡು, ಊಟದ ಡಬ್ಬಿ ಮರೆತು, ಸಿಕ್ಕಿದ ರಿಕ್ಷಾ ಹತ್ತಿ ಬಸ್‌ಸ್ಟ್ಯಾಂಡಿಗೆ ಓಡಿದ.

ಬಸ್ಸು ತೋಡೂರು ದಾಟುವಾಗ ಪಕ್ಕದಲ್ಲಿ ಒಂದು ಟೆಂಪೋ ಹಾರ್ನ್ ಹೊಡೆಯುತ್ತ ಮುಂದೆ ಹೋಯಿತು. ಕಿಟಕಿಯಲ್ಲಿ ಭಟ್ಟರ ತಲೆ. ಹಿಂದಿನ ಕಿಟಕಿಯಲ್ಲಿ ಮೆಣಸಿನಕಾಯಿ ಕಾಗದ ಬೀಸುತ್ತಿರುವ ವಿಜೇತಾ. ಮುಂದಿನ ಸೀಟಿನಲ್ಲಿ ಖಾಲಿ ಬುಟ್ಟಿ ತೊಡೆಯ ಮೇಲಿಟ್ಟು ರಾಣಿಯ ಹಾಗೆ ಕೂತ ಬೀರಿ. ಪುಕ್ಕಟೆ ಊರು ಮುಟ್ಟುವ ಅವಕಾಶ ಯಾರು ಬಿಡುತ್ತಾರೆ? ಕಟ್ಟಕಡೆಗೆ, ಮರೆತ ಊಟದ ಡಬ್ಬಿ ತಬ್ಬಿಕೊಂಡು ಮುದುಡಿ ಕೂತ ಚಂಪಾ. ಸತೀಶ ಸೀಟಿನ ಕೆಳಗೆ ತಲೆ ಹಾಕಿದ. ತಮ್ಮ ಗುಟ್ಟು ರಟ್ಟಾಯಿತು ಅಂತ ದೂರು ಕೊಡಲು ಹೊರಟ ಆ ಮಂದಿ, ಟೆಂಪೋ ಡ್ರೈವರನಿಂದ ಹಿಡಿದು ಅಂಕೋಲೆಯ ಚಾದಂಗಡಿಯವನ ತನಕ ಸಿಕ್ಕಿದವರಿಗೆಲ್ಲ ಆ ಗುಟ್ಟನ್ನು ವಿವರಿಸುತ್ತ ಹೋದರಂತೆ.

ಪರೀಕ್ಷೆಗೆ ಧಾರವಾಡದಿಂದ ಬಂದವರು ಡಾಕ್ಟರ್ ವನಮಾಲಾ. ನಗುವುದಿಲ್ಲ ಎಂದು ಹೆಸರುವಾಸಿ. ಸತೀಶ ಮೊದಲ ಚಿತ್ರ ತೋರಿಸಿ “ಈ ವಿಧಾನವನ್ನು ಭೇದಿಸುವುದು ಅಸಾಧ್ಯ” ಎಂದು ಬಾಯಿ ಮುಚ್ಚುವುದರೊಳಗೆ ಬಾಗಿಲು ದಢಾರನೆ ತೆರೆಯಿತು.

“ಭೇದಿಸಿ ಆಯ್ತು ಮೇಡಂ!” ಭಟ್ಟರು ಕೂಗಿದರು. “ಭೇದಿಸಿದವಳನ್ನೂ ಕರ್ಕೊಂಡು ಬಂದಿದ್ದೇವೆ!”

ವಿಷಯ ಕೇಳಿದ ವನಮಾಲಾ ಸಿಟ್ಟಾಗಲಿಲ್ಲ. ಕನ್ನಡಕ ಒರೆಸಿ ಹಾಕಿಕೊಂಡರು. ಬೀರಿಗೆ ಪ್ರೊಫೆಸರರ ಕುರ್ಚಿಯನ್ನೇ ಎಳೆದು ಕೊಟ್ಟರು. “ಅಮ್ಮಾ, ನಾನು ಹತ್ತು ಹಾಳೆ ಆರಿಸ್ತೇನೆ. ಸತೀಶ ಓದ್ತಾರೆ. ಯಾರ ಮನೆ ಅಂತ ನೀವು ಹೇಳಬೇಕು. ಆಗ್ತದಾ?”

“ಎಲೆಯಡಿಕೆ ಉಗುಳೂಕೆ ಜಾಗ ಎಲ್ಲದೆ ಹೇಳಿ, ಹೇಳ್ತೆ.”

ಸತೀಶ ಓದಿದ. ಬೀರಿ ಹೇಳುತ್ತ ಹೋದಳು. ಹೀರೇಕಾಯಿ ಸಿಪ್ಪೆ ಬೇರೆ ಕೇಳುವುದು ಮೂಲೆಮನೆಯ ಮಂಗೇಶನ ತಾಯಿ. ಬಸಳೆಯ ಜೊತೆ ಒಣ ಮುರುಗಲು ಬೇಕೆನ್ನುವವಳು ಮೇಲ್ಮನೆಯ ಸೊಸೆ, ಅತ್ತೆ ಊರಿಗೆ ಹೋದ ವಾರ ಮಾತ್ರ. ಹೌದು ಅಂತ ಓಣಿಯವರು ಯಾರೂ ಒಪ್ಪಲಿಲ್ಲ. ಆದರೆ ಪ್ರತಿ ಹೆಸರಿಗೂ ಹಿಂದಿನ ಬೆಂಚಿನಿಂದ ಒಂದೊಂದು ಬೈಗುಳ ಬರುತ್ತಿತ್ತು, ವನಮಾಲಾ ಅದನ್ನೇ ಒಪ್ಪಿಗೆ ಅಂತ ಬರೆದುಕೊಂಡರು.

ನಡುವೆ ಬೀರಿ ಕೈ ಎತ್ತಿದಳು. “ಆ ಮಂಗಳವಾರದ ಪಡವಲಕಾಯಿ ಸುಳ್ಳು.”

“ಅದು ಕಂಪ್ಯೂಟರು ಬೇಕಂತಲೇ ಬೆರೆಸಿದ ಸುಳ್ಳು!” ಸತೀಶನಿಗೆ ಅಳು ಬರುವುದೊಂದು ಬಾಕಿ. “ಅದು ನಿಂಗೆ ಹೇಗೆ ಗೊತ್ತಾಯ್ತು?”

“ಅವತ್ತು ಹಳ್ಳದ ನೀರು ರಸ್ತೆಗೆ ಬಂದು ಬಸ್ಸೇ ಇಲ್ಲಾಗಿತ್ತು. ನಾ ಕಾರವಾರಕ್ಕೆ ಬರ್ಲೇ ಇಲ್ಲ. ನಾ ಬರ್ದೆ ಪಡವಲಕಾಯಿ ನಡಕಂಡು ಬಂತಾ?”

ಒಂಬತ್ತು ಹಾಳೆ ಆಯಿತು. ಒಂಬತ್ತಕ್ಕೆ ಒಂಬತ್ತು. ವನಮಾಲಾ ಪೆನ್ನು ಕೆಳಗಿಟ್ಟರು. “ಸತೀಶ, ನಿಮ್ಮ ಪ್ರಬಂಧ ಸುಳ್ಳಾಯಿತು.”

ಸತೀಶ ಗೋಡೆಗೆ ಒರಗಿದ. ಕಣ್ಣೆದುರು ಒಂದು ಬಂಗಡೆ ಬಾಲ ಅಲ್ಲಾಡಿಸಿ ಕಡಲಿಗೆ ಹಾರಿತು.

“ಆದರೆ ಸುಳ್ಳಾಯಿತು ಅಂತ ಗೊತ್ತಾದದ್ದೇ ದೊಡ್ಡ ಶೋಧ. ಎಷ್ಟೋ ಪಂಡಿತರು ಇಷ್ಟು ಸ್ಪಷ್ಟವಾಗಿ ತೋರಿಸಿಲ್ಲ. ಕೊನೆಗೆ ಬೀರಿಯಮ್ಮನ ಬಗ್ಗೆ ಒಂದು ಅಧ್ಯಾಯ ಸೇರಿಸಿ. ನಾನು ಇವತ್ತೇ ಸಹಿ ಹಾಕ್ತೇನೆ.” ಅವರು ಪೆನ್ನಿನ ಟೊಪ್ಪಿ ತೆಗೆದರು. “ಇನ್ನೊಂದೇ ಹಾಳೆ. ಇದೂ ಸರಿಯಾದರೆ ಹತ್ತಕ್ಕೆ ಹತ್ತು. ಓದಿ, ಮೂವತ್ತೆಂಟನೇ ಮನೆ.”

ಸತೀಶನಿಗೆ ಹೋದ ಜೀವ ಬಂತು. ದೇವಸ್ಥಾನದ ಮೈಕು ಸಿಕ್ಕವನ ಹಾಗೆ ದನಿ ಏರಿಸಿ ಓದಿದ. “ಮನೆ ಮೂವತ್ತೆಂಟು! ಮೊದಲ ಬುಧವಾರ, ತೆಪ್ಪಲ್ ಹತ್ತು, ಮುರುಗಲು, ಕೊತ್ತಂಬರಿ. ಎರಡನೇ ಬುಧವಾರ, ತೆಪ್ಪಲ್ ಹದಿನೈದು! ಮೂರನೇ ಬುಧವಾರ, ತೆಪ್ಪಲ್ ಇಪ್ಪತ್ತು!”

“ಅರೇ ದೇವಾ!” ವಿಜೇತಾ ಎದ್ದು ನಿಂತಳು. “ಒಂದು ಬುಧವಾರನೂ ಬಿಡ್ಲಿಲ್ವಲ್ಲ! ನಾವು ಒಂದ್ಸಲ ತಿಂದದ್ದಕ್ಕೆ ಇಷ್ಟು ಮಾನ ಹೋಯ್ತು. ಇದ್ಯಾವ ಮನೆ ಗೇ?”

“ಹೆಸರು ಬರಲಿ, ಹೆಸರು ಬರಲಿ” ಅಂದರು ಭಟ್ಟರು.

“ನಾಲ್ಕನೇ ಬುಧವಾರ, ತೆಪ್ಪಲ್ ಇಪ್ಪತ್ತು. ಪ್ರತಿ ಗುರುವಾರ ನಿಂಬೆಹಣ್ಣು ನಾಲ್ಕು.” ಸತೀಶ ಹಾಳೆ ತಿರುಗಿಸಿದ. “ಇನ್ನು, ದಿನಾ ಬೆಳಿಗ್ಗೆ...”

ದಿನಾ ಬೆಳಿಗ್ಗೆ, ಬಾಳೆದಿಂಡು, ಒಂದು.

ಸತೀಶನ ನಾಲಿಗೆ ಅಲ್ಲೇ ನಿಂತಿತು. ಬುಧವಾರ ಅಂದರೆ ತಾನು ಅಂಕೋಲೆಗೆ ಬರುವ ದಿನ. ಈ ಕೇಂದ್ರದ ಇದೇ ಜಗಲಿಯಲ್ಲಿ ಕೂತು ತಣ್ಣಗಿನ ಮೊಸರನ್ನ ತಿನ್ನುವ ದಿನ!

ಮೈಯೆಲ್ಲ ಉರಿಯಿತು. ಹದಿನಾಲ್ಕು ತಿಂಗಳು! ಪಕ್ಕದ ಮನೆಯಿಂದ ಒಗ್ಗರಣೆ ವಾಸನೆ ಬಂದರೂ ಕಿಟಕಿ ಮುಚ್ಚಿಕೊಂಡಿದ್ದನಲ್ಲ ಪಾಪಿ. ಹೇಳಿಬಿಡಬೇಕು, ಎಲ್ಲರೆದುರೂ ಕೂಗಿ ಹೇಳಿಬಿಡಬೇಕು ಅಂತ ತಲೆ ಎತ್ತಿದ.

ಹಿಂದಿನ ಬೆಂಚಿನಲ್ಲಿ ಚಂಪಾ ಡಬ್ಬಿಯನ್ನು ಎದೆಗೊತ್ತಿಕೊಂಡು ಕೂತಿದ್ದಳು. ಒಂದು ಮಾತಿಗೆ ಆಕೆಯ ಹೊಗಳಿಕೆ, ಹರಕೆ, ಓಣಿಯಲ್ಲಿ ತಲೆ ಎತ್ತಿ ನಡೆಯುವ ಸುಖ ಎಲ್ಲ ಹೋಗುತ್ತಿತ್ತು. ಅಡುಗೆಯ ಗಂಧ ತಿಳಿಯದ ಗಂಡನಿಗೆ ಅವಳು ಏನು ಬರೆದುಕೊಟ್ಟಿದ್ದರೂ ನಡೆಯುತ್ತಿತ್ತು. ಒಂದೇ ಒಂದು ಸುಳ್ಳು ಬರೆದರೂ ನನ್ನ ಪಿಎಚ್‌ಡಿ ಮುಳುಗ್ತದೆ ಅಂತ ತಾನು ಹೇಳಿದ್ದಕ್ಕೆ, ತನ್ನ ಕಳವನ್ನು ತಾನೇ ಒಂದು ವಾರವೂ ತಪ್ಪದೆ ಬರೆದಿದ್ದಾಳೆ ಈ ಹುಚ್ಚಿ. ಸತೀಶನ ಹೊಟ್ಟೆಯೊಳಗೆ ಏನೋ ಕರಗಿತು. ಕಿಡ್ನಿ ಕಲ್ಲಂತೂ ಅಲ್ಲ.

“ದಿನಾ ಬೆಳಿಗ್ಗೆ?” ವನಮಾಲಾ ಕೇಳಿದರು.

“ದಿನಾ ಬೆಳಿಗ್ಗೆ... ಬಸಳೆ.”

“ಬಸಳೆ?” ಬೀರಿ ಅವನನ್ನು ನೋಡಿದಳು. ಕತ್ತು ತಿರುಗಿಸಿ ಹಿಂದಿನ ಬೆಂಚು ನೋಡಿದಳು. ಎಲೆಯಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಹೋಯಿತು. “ದಿನಾ ಬಸಳೆ ತಕಂಬೂರು ಯಾರಪ್ಪಾ... ಇದೊಂದು ಗುತ್ತಾಗೂದಿಲ್ಲ ತಮ್ಮಾ. ನಂಗೂ ವಯಸ್ಸಾಯ್ತು.”

ವನಮಾಲಾ ತಮ್ಮ ಎದುರಿಗಿದ್ದ ಪ್ರತಿಯ ಮೇಲೆ ಬೆರಳಾಡಿಸಿದರು. ಬೆರಳು ಒಂದು ಕಡೆ ನಿಂತಿತು. ಪೆನ್ನಿಗೆ ಟೊಪ್ಪಿ ಹಾಕಿ, ಸತೀಶನೊಬ್ಬನನ್ನು ಬಿಟ್ಟು ಎಲ್ಲರನ್ನೂ ಹೊರಗೆ ಕಳಿಸಿದರು.

“ನನ್ನ ಪ್ರತಿಯಲ್ಲಿ ಬಾಳೆದಿಂಡು ಅಂತ ಇದೆ.”

“ಹೌದು ಮೇಡಂ.”

“ಕಣ್ಣು ಮಂಜಾಗಿದೆಯಾ?”

“ಇಲ್ಲ ಮೇಡಂ.”

“ಮಾಹಿತಿ ತಿದ್ದಿ ಓದಿದ ಸಂಶೋಧಕನಿಗೆ ನಾನು ಸಹಿ ಹಾಕೋದಿಲ್ಲ. ಯಾಕೆ ತಿದ್ದಿದಿರಿ ಅಂತಲೂ ಕೇಳೋದಿಲ್ಲ. ಮುಂದಿನ ಶ್ರಾವಣದಲ್ಲಿ ಮೊದಲಿಂದ ಮಾಡಿ.” ಚೀಲ ಹೆಗಲಿಗೆ ಹಾಕಿಕೊಂಡು ಹೊರಟವರು ಬಾಗಿಲಲ್ಲಿ ತಿರುಗಿದರು. ತುಟಿಯ ಅಂಚಿನಲ್ಲಿ ನಗುವಿನಂಥದ್ದು ಏನೋ ಇತ್ತು. “ಎಂಟು ವರ್ಷದಲ್ಲಿ ನೀವು ನಿಜವಾಗಿ ಕಾಪಾಡಿದ ಗುಟ್ಟು ಇದೊಂದೇ ಅಂತ ಕಾಣ್ತದೆ.”

ಹೊರಗೆ ಓಣಿಯವರು ಹಬ್ಬದ ಖುಷಿಯಲ್ಲಿದ್ದರು. ತಮಗಿಂತ ದೊಡ್ಡ ಕಳ್ಳ ಓಣಿಯಲ್ಲೇ ಇದ್ದಾನೆ ಅಂತ ಗೊತ್ತಾದ ಮೇಲೆ ಅವರ ಪಾಪವೆಲ್ಲ ಹಗುರಾಗಿತ್ತು. ಮೂವತ್ತೆಂಟನೇ ಮನೆ ಹುಡುಕಲಿಕ್ಕೆ ಭಟ್ಟರು ಅಲ್ಲೇ ಒಂದು ಸಮಿತಿ ಮಾಡಿದರು. “ಚಂಪಾಬಾಯಿ, ನಿಮ್ಮಂಥ ಪುಣ್ಯವಂತರು ಇರೂ ಓಣೀಲಿ ಎಂಥಾ ಮನೆ ನೋಡಿ!” ಎಂದು ವಿಜೇತಾ ಚಂಪಾಳ ಕೈ ಹಿಡಿದುಕೊಂಡಳು. ಸಮಿತಿಗೆ ಚಂಪಾಳನ್ನೇ ಮುಖ್ಯಸ್ಥೆ ಮಾಡಲಾಯಿತು.

ಗಂಡ ಹೆಂಡತಿ ಟೆಂಪೋ ಬಿಟ್ಟು ಬಸ್ಸಿನಲ್ಲಿ ಮರಳಿದರು. ಅಂಕೋಲೆ ದಾಟುವ ತನಕ ಚಂಪಾ ಸೆರಗಿನಿಂದ ಕಣ್ಣೊರೆಸುತ್ತಿದ್ದಳು. “ನನ್ನ ಸಲುವಾಗಿ ಡಾಕ್ಟರ್ ಪಟ್ಟ ಬಿಟ್ರಿ ನೀವು. ಏಳೇಳು ಜನ್ಮಕ್ಕೂ ನಿಮ್ಮಂಥ ಗಂಡ ಸಿಗೂದಿಲ್ಲ.”

ಇದೇ ಹದ ಎಂದುಕೊಂಡ ಸತೀಶ ಹತ್ತಿರ ಸರಿದ. ದನಿ ತಗ್ಗಿಸಿದ. “ಅದಿರ್ಲಿ ಬಿಡು. ಇವತ್ತು ಬುಧವಾರ ಅಲ್ವಾ? ಪೇಟೇಲಿ ಇಳಿದು ಎರಡೇ ಎರಡು ಬಂಗಡೆ ತಗೊಂಡ್ರೆ...”

ಚಂಪಾ ಸೆರಗು ಬಿಟ್ಟು ಅವನನ್ನೇ ದಿಟ್ಟಿಸಿದಳು. “ಮತ್ತೆ ಹರಕೆ?”

“ನೀನು ತಿಂದ್ಯಲ್ಲೇ!”

“ನಾನು ತಿಂದೆ. ದೇವಿಯ ಮುಂದೆ ಹರಕೆ ಹೊತ್ತದ್ದು ನಿಮ್ಮ ಹೆಸರಲ್ಲಿ. ನನ್ನ ಹೆಸರಲ್ಲಿ ಯಾರು ಹೊತ್ತಿದ್ದಾರೆ?”

“ಮನೇಲಿ ಬೇಯೂದಿಲ್ಲ ಅಂದಿದ್ಯಲ್ಲ?”

“ಮನೇಲಿ ಎಲ್ಲಿ ಬೇಯಿಸಿದೆ? ಹಿತ್ತಲ ಕಟ್ಟಿಗೆ ಒಲೆ ಮೇಲೆ ಬೇಯಿಸಿದೆ.” ಡಬ್ಬಿಯ ಮುಚ್ಚಳ ತೆಗೆದು ಅವನ ತೊಡೆಯ ಮೇಲಿಟ್ಟಳು. ಒಳಗೆ ಮೊಸರನ್ನ. “ಇನ್ನೊಂದು ವರ್ಷ ತಾನೇ? ಕಣ್ಣು ಮುಚ್ಚಿ ತೆಗೆಯೂದ್ರಲ್ಲಿ ಹೋಗ್ತದೆ. ಊಟ ಮಾಡಿ.”

ಮುಂದಿನ ಬುಧವಾರ ಬೆಳಿಗ್ಗೆ ಬೀರಿ ಗೇಟಿನ ಎದುರು ಬುಟ್ಟಿ ಇಳಿಸಿದಳು. ಸಮಿತಿಯ ವಿಜೇತಾ ಆಚೆ ಕಟ್ಟೆಯ ಮೇಲೆ ಕಾವಲು ಕೂತಿದ್ದಳು. ಬೀರಿ ಚಂಪಾಳ ಕೈಗೆ ಮುಷ್ಟಿಗಾತ್ರದ ಒಂದು ಪೊಟ್ಟಣ ದಾಟಿಸಿದಳು. ಈಗ ನಿಜವಾಗಿಯೂ ರದ್ದಿಯಾದ ಸತೀಶನ ಪ್ರಬಂಧದ ಹಾಳೆಗಳಲ್ಲಿ ಸುತ್ತಿದ ಮೊಳದುದ್ದದ ಕಟ್ಟನ್ನು ಅವನ ಕೈಗಿಟ್ಟಳು.

“ತಕ್ಕಾ ತಮ್ಮಾ” ಎಂದು ಇಡೀ ಓಣಿಗೆ ಕೇಳುವ ಹಾಗೆ ಕೂಗಿದಳು, “ನಿನ್ನ ಬಸಳೆ!”

ಸತೀಶ ಬಸಳೆಯನ್ನು ಹೆಚ್ಚಿ, ಅರೆದು, ಹಿಂಡಿ, ಲೋಟ ತುಂಬ ರಸ ಕುಡಿದು ಅಂಕೋಲೆಯ ಬಸ್ಸು ಹತ್ತಿದ.